ಕಿಟ್ ಬ್ಯಾಗಿನ ಮಾತ್ರೆ: ಆಕ್ಷೇಪಗಳಿಗೆ ನನ್ನ ಉತ್ತರ

ಉಲ್ಲಾಳ ಉಪನಗರದ ನಮ್ಮ ಮೈದಾನದಲ್ಲಿ ಟೂರ್ನಿ ಮುಗಿದ ಸಂಜೆ, ಶಾಮಿಯಾನ ಬಿಚ್ಚುವ ಹೊತ್ತಿಗೆ ನಾನೊಂದು ಮಾತು ಹೇಳಿದ್ದೆ. ಮುಂದಿನ ಸಲದಿಂದ ಯಾವ ಆಟಗಾರನೂ ಇನ್ನೊಬ್ಬನಿಗೆ ನೋವಿನ ಮಾತ್ರೆ ಕೊಡಬಾರದು. ಕೊಟ್ಟದ್ದು ಗೊತ್ತಾದರೆ ಕೊಟ್ಟವನು ಎರಡು ಪಂದ್ಯ ಹೊರಗೆ ಕೂರಬೇಕು. ಆ ಸಂಜೆಯೇ ಆಕ್ಷೇಪಗಳು ಶುರುವಾದವು, ಆಮೇಲಿನ ಎರಡು ವಾರವೂ ನಿಲ್ಲಲಿಲ್ಲ. ತಂಡದ ನಾಯಕರು, ಇಬ್ಬರು ಪೋಷಕರು, ಪಕ್ಕದ ಬಡಾವಣೆಯಲ್ಲಿ ಹುಡುಗರಿಗೆ ಕೋಚಿಂಗ್ ಕೊಡುವ ಹಿರಿಯರೊಬ್ಬರು, ಎಲ್ಲರೂ ನನಗಿಂತ ಹೆಚ್ಚು ಕಾಳಜಿಯಿಂದಲೇ ಮಾತಾಡಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ಒಂದೊಂದಕ್ಕೂ ಬರೆದೇ ಉತ್ತರ ಕೊಡುತ್ತಿದ್ದೇನೆ.

ಅದಕ್ಕೆ ಮೊದಲು ಒಂದು ವಿಷಯ ಹೇಳಲೇಬೇಕು. ನಾನೂ ಕೊಟ್ಟವನೇ. ಹದಿನೈದು ವರ್ಷಗಳ ಹಿಂದೆ, ಒಂದು ಸೆಮಿಫೈನಲ್ ದಿನ, ಇಪ್ಪತ್ತೆರಡರ ಹುಡುಗನೊಬ್ಬ ಭುಜ ಹಿಡಿದುಕೊಂಡು ಬಂದು "ಅಣ್ಣ, ಒಂದು ಮಾತ್ರೆ ಇದ್ರೆ ಕೊಡಿ" ಅಂದ. "ತಗೋ ಮಗಾ" ಅಂತ ಕೊಟ್ಟೆ. ಮುಕ್ಕಾಲು ಗಂಟೆಯೊಳಗೆ ಅವನು ಮಿಡ್‌ಆನ್‌ನಲ್ಲಿ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಿದ್ದ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಅವನಿಗೆ ಆಸ್ತಮಾ ಇತ್ತು. ಇನ್‌ಹೇಲರ್ ಅವನ ಬ್ಯಾಗಿನ ಪಕ್ಕದ ಜೇಬಿನಲ್ಲೇ ಇತ್ತು, ಜಾಲರಿ ಬಟ್ಟೆಯೊಳಗಿಂದ ಅದರ ನೀಲಿ ಬಣ್ಣ ಕಾಣುತ್ತಿತ್ತು. ಮಾತ್ರೆ ಕೊಡುವಾಗ ಆ ಬ್ಯಾಗು ನನ್ನ ಕಾಲ ಬುಡದಲ್ಲಿತ್ತು. ನಾನು ಕೇಳಿರಲಿಲ್ಲ, ನೋಡಿರಲಿಲ್ಲ. ಆಟೋದಲ್ಲಿ ಕೂರಿಸಿಕೊಂಡು ನರ್ಸಿಂಗ್ ಹೋಮ್‌ಗೆ ಹೋದೆವು. ಹುಡುಗ ಉಳಿದ. ಆಸ್ತಮಾ ಇರುವ ಕೆಲವರಿಗೆ ಈ ಜಾತಿಯ ನೋವಿನ ಮಾತ್ರೆಯಿಂದ ಉಸಿರಾಟದ ಕೊಳವೆ ಬಿಗಿದುಕೊಳ್ಳುತ್ತದೆ ಎಂದು ಅಲ್ಲಿನ ವೈದ್ಯರು ಹೇಳಿದಾಗಲೇ ನನಗೆ ಗೊತ್ತಾದದ್ದು.

ನಾಯಕರ ಮೊದಲ ಆಕ್ಷೇಪ: "ಇದೇನು ಮಾದಕವಸ್ತುವೇ ಸಾರ್? ಪ್ರತಿ ಮನೆಯ ಡಬ್ಬಿಯಲ್ಲಿರೋ ಮಾತ್ರೆ. ನೀರಿನ ಬಾಟ್ಲಿ ಕೊಟ್ಟ ಹಾಗೆ."

ನಮ್ಮ ಕಿಟ್ ಬ್ಯಾಗಿನಲ್ಲಿರುವ ಹಳೆಯ ಜಾಮಿಟ್ರಿ ಬಾಕ್ಸನ್ನು ನಾಯಕರು ಆಗಲೇ ತೆರೆದು ನೋಡಬೇಕಿತ್ತು. ನಾನು ನೋಡಿದ್ದೇನೆ. ಒಂದು ಕ್ರೇಪ್ ಬ್ಯಾಂಡೇಜ್, ಹಿಂಡಿ ಹಿಂಡಿ ಚಪ್ಪಟೆಯಾದ ಮುಲಾಮಿನ ಟ್ಯೂಬ್, ಕೆಳಗೆ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್ ತುಂಡುಗಳು. ಒಂದು ತುಂಡಿನ ಬೆನ್ನ ಮೇಲೆ ‘ಫೆನಾಕ್’ ಎಂಬಷ್ಟು ಅಕ್ಷರ ಮಾತ್ರ ಉಳಿದಿತ್ತು. ಅದು ಡೈಕ್ಲೋಫೆನಾಕೋ ಅಸೆಕ್ಲೋಫೆನಾಕೋ, ಜೊತೆಗೆ ಪ್ಯಾರಾಸಿಟಮಾಲ್ ಸೇರಿತ್ತೋ ಇಲ್ಲವೋ, ಆ ತುಂಡು ನೋಡಿ ಯಾರೂ ಹೇಳುವಂತಿರಲಿಲ್ಲ. ಅವಧಿ ಮುಗಿಯುವ ತಿಂಗಳನ್ನು ಸಾಮಾನ್ಯವಾಗಿ ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಮಾತ್ರ ಒತ್ತಿರುತ್ತಾರೆ. ಆ ತುದಿ ಯಾರ ಹೊಟ್ಟೆ ಸೇರಿದ ಮಾತ್ರೆಯ ಜೊತೆ ಹೋಯಿತೋ ಗೊತ್ತಿಲ್ಲ. ನೀರಿನ ಬಾಟಲಿಗೂ ಇದಕ್ಕೂ ಇರುವ ಮೊದಲ ವ್ಯತ್ಯಾಸ ಇದು. ಕೊಡುವವನಿಗೇ ತಾನು ಏನು ಕೊಡುತ್ತಿದ್ದೇನೆಂದು ತಿಳಿದಿಲ್ಲ.

ಎರಡನೆಯ ವ್ಯತ್ಯಾಸ ಕಾನೂನಿನದು. ಡೈಕ್ಲೋಫೆನಾಕ್ ಶೆಡ್ಯೂಲ್ ಎಚ್‌ನ ಔಷಧ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮೆಡಿಕಲ್ ಶಾಪಿನವರೂ ಮಾರುವಂತಿಲ್ಲ. ನಮ್ಮ ಕಡೆ ಮಾರುತ್ತಾರೆ, ಕೊಳ್ಳುತ್ತೇವೆ, ಅದು ಎಲ್ಲರಿಗೂ ಗೊತ್ತು. ಆದರೂ ಆ ಚೀಟಿ ಯಾಕೆ ಬೇಕು ಎಂಬುದಕ್ಕೆ ಕಾರಣ ಇದೆ. ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ಪದಾರ್ಥಗಳಿವೆ. ನೋವು, ಊತ ಹುಟ್ಟಿಸುವುದೂ ಅವೇ, ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ ಅವೇ, ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅವೇ. ಈ ಮಾತ್ರೆ ಅವನ್ನೇ ತಡೆಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಬೆವರಿಳಿಸುತ್ತ, ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆಯಿಂದ ಒಂದು ಬನ್ನು ಒಂದು ಚಹಾದ ಮೇಲೆ ಬೌಲಿಂಗ್ ಮಾಡುವ ಹುಡುಗನ ದೇಹಕ್ಕೆ ಆಗ ಬೇಕಿರುವ ಎರಡೂ ಕಾವಲನ್ನು ತೆಗೆದುಹಾಕುತ್ತದೆ. ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿ ಡೆಂಗಿ. ಜ್ವರದ ಮೈಕೈ ನೋವನ್ನು ಆಟದ ನೋವೆಂದು ತಿಳಿದು ಈ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಡೆಂಗಿಯಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ ಎಂದು ವೈದ್ಯರು ಹೇಳುವುದು ಅದಕ್ಕೇ. ಪ್ಯಾರಾಸಿಟಮಾಲ್‌ಗೂ ಮಿತಿ ಇದೆ, ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ 4 ಗ್ರಾಂ ದಾಟಬಾರದು. ಮನೆಯಲ್ಲಿ ತಾಯಿ ಕೊಟ್ಟ ಡೋಲೋ, ಮೈದಾನದಲ್ಲಿ ಅಣ್ಣ ಕೊಟ್ಟ ಕಾಂಬಿನೇಷನ್ ಮಾತ್ರೆ, ಎರಡರಲ್ಲೂ ಅದೇ ಇದ್ದರೆ ಲೆಕ್ಕ ಇಡುವವರು ಯಾರು?

ಇದೇ ಡೈಕ್ಲೋಫೆನಾಕಿನ ಇನ್ನೊಂದು ಕಥೆ ನಮ್ಮ ಹತ್ತಿರದಲ್ಲೇ ಇದೆ. ಇಲ್ಲಿಂದ ಮೈಸೂರು ರಸ್ತೆ ಹಿಡಿದರೆ ಒಂದು ಗಂಟೆಯೊಳಗೆ ರಾಮನಗರದ ರಾಮದೇವರ ಬೆಟ್ಟ. ರಾಜ್ಯ ಸರ್ಕಾರ 2012ರಲ್ಲಿ ಅದನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. ಆ ಹಕ್ಕಿಗಳಿಗೆ ಧಾಮ ಬೇಕಾದದ್ದು ಯಾಕೆಂದರೆ, ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು, ಭಾರತದ ಮುಖ್ಯ ರಣಹದ್ದು ಜಾತಿಗಳಲ್ಲಿ ಶೇ 90ಕ್ಕೂ ಹೆಚ್ಚು ಹಕ್ಕಿಗಳು ನಾಶವಾದವು. ಪಶುಚಿಕಿತ್ಸೆಯಲ್ಲಿ ಅದನ್ನು 2006ರಲ್ಲಿ ನಿಷೇಧಿಸಲಾಯಿತು. ಮನುಷ್ಯನ ಮೂತ್ರಪಿಂಡ ಹದ್ದಿನದಲ್ಲ, ಒಂದು ಮಾತ್ರೆಗೆ ನಮಗೆ ಹಾಗಾಗುವುದಿಲ್ಲ, ಹೆದರಿಸಲು ಇದನ್ನು ಹೇಳುತ್ತಿಲ್ಲ. ಒಂದು ಜೀವಕ್ಕೆ ಹಿತವಾದ ಔಷಧ ಇನ್ನೊಂದು ಜೀವಕ್ಕೂ ಹಿತವೇ ಎಂದು ಯಾರೂ ಕೇಳದೆ ಇದ್ದದ್ದರ ಫಲ ನಮ್ಮ ಊರಿನ ಹತ್ತಿರದ ಬೆಟ್ಟದಲ್ಲೇ ಇದೆ, ಅದಕ್ಕಾಗಿ ನೆನಪಿಸಿದೆ.

ಎರಡನೆಯ ಆಕ್ಷೇಪ ಪೋಷಕರೊಬ್ಬರದು, ಸ್ವಲ್ಪ ಗಟ್ಟಿ ದನಿಯಲ್ಲಿ: ಕೇಳಿದವನು ಅವನು, ನುಂಗಿದವನು ಅವನು. ಕೊಟ್ಟವನನ್ನು ಯಾಕೆ ಶಿಕ್ಷಿಸುತ್ತೀರಿ? ಅವರವರ ಹೊಣೆ ಅವರವರದು.

ಈ ಮಾತಿನ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ನುಂಗಿದವನ ಹೊಣೆ ಎಲ್ಲೂ ಹೋಗುವುದಿಲ್ಲ. ನಮ್ಮ ಕುಂದಾಪುರ ಸೀಮೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರನ್ನು ನೆನೆಯಿರಿ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ರಿಲೇ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ನಾಡೇ ಹೆಮ್ಮೆಪಟ್ಟ ಹುಡುಗಿ. 2011ರಲ್ಲಿ ಅವರೂ ಜೊತೆಗಾರ್ತಿಯರೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ತಂದುಕೊಟ್ಟ ಜಿನ್ಸೆಂಗ್ ಕ್ಯಾಪ್ಸೂಲಿನಿಂದ ಬಂದದ್ದು ಎಂಬುದು ಅವರ ವಾದ. ಮೊದಲು ಒಂದು ವರ್ಷದ ನಿಷೇಧ ಬಿತ್ತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಕೋಚ್ ಕೊಟ್ಟರು ಎಂಬ ಮಾತು ಅವರನ್ನು ಉಳಿಸಲಿಲ್ಲ. ಆ ಶಿಕ್ಷೆ ಕಠಿಣವಾಯಿತೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ನಿಯಮ ಸ್ಪಷ್ಟ: ನಿನ್ನ ದೇಹದೊಳಗೆ ಹೋದದ್ದಕ್ಕೆ ನೀನೇ ಜವಾಬ್ದಾರ.

ಆದರೆ ಗಮನಿಸಿ, ಅಲ್ಲಿ ಕೋಚ್ ಕೂಡ ಉಳಿಯಲಿಲ್ಲ, ಕೆಲಸದಿಂದ ತೆಗೆದರು. ನುಂಗಿದವರ ಹೊಣೆ ಪೂರ್ತಿ ಇದ್ದದ್ದರಿಂದ ಕೊಟ್ಟವರ ಹೊಣೆ ಕಡಿಮೆಯಾಗಲಿಲ್ಲ. ಆಸ್ತಿಯನ್ನು ಇಬ್ಬರು ಅಣ್ಣತಮ್ಮಂದಿರಿಗೆ ಪಾಲು ಮಾಡಿದರೆ ಅರ್ಧರ್ಧ ಆಗುತ್ತದೆ. ಹೊಣೆ ಹಾಗೆ ಪಾಲಾಗುವುದಿಲ್ಲ, ಇಬ್ಬರ ತಲೆಯ ಮೇಲೂ ಇಡಿಯಾಗಿಯೇ ಇರುತ್ತದೆ.

ಇದನ್ನು ನಾನು ಬೇಸ್‌ಬಾಲ್‌ನ ಒಂದು ದುರಂತದಿಂದ ಕಲಿತೆ. ಆ ಆಟದಲ್ಲಿ ಪಿಚರ್ ಎಂದರೆ ನಮ್ಮ ವೇಗದ ಬೌಲರ್ ಇದ್ದ ಹಾಗೆ. ಅದೇ ಭುಜ, ಅದೇ ಮೊಣಕೈ, ಕೆಳಗಿನ ಲೀಗಿನಲ್ಲಿ ಬೆವರು ಹರಿಸುತ್ತ ಮೇಲಿನಿಂದ ಕರೆ ಬರುವುದನ್ನು ಕಾಯುವ ಅದೇ ಬದುಕು. ಟೈಲರ್ ಸ್ಕ್ಯಾಗ್ಸ್ ಲಾಸ್ ಏಂಜಲೀಸ್ ಏಂಜಲ್ಸ್ ತಂಡದ ಎಡಗೈ ಪಿಚರ್. ಮೊಣಕೈ ಶಸ್ತ್ರಚಿಕಿತ್ಸೆಯಿಂದ 2015ರ ಇಡೀ ಋತು ಕಳೆದುಕೊಂಡು ಮರಳಿ ಬಂದವರು. 2019ರ ಜುಲೈ 1ರಂದು ಟೆಕ್ಸಾಸ್‌ನ ಹೋಟೆಲ್ ಕೋಣೆಯಲ್ಲಿ ಸತ್ತು ಬಿದ್ದಿದ್ದರು, 27ನೇ ವಯಸ್ಸಿನಲ್ಲಿ. ದೇಹದಲ್ಲಿ ಫೆಂಟಾನಿಲ್, ಆಕ್ಸಿಕೋಡೋನ್ ಮತ್ತು ಮದ್ಯ. ತಂಡದ ಮಾಧ್ಯಮ ವಿಭಾಗದ ಎರಿಕ್ ಕೇ ಮಾತ್ರೆ ಒದಗಿಸಿದ್ದರೆಂದು ಸಾಬೀತಾಗಿ, 2022ರಲ್ಲಿ 22 ವರ್ಷಗಳ ಸೆರೆವಾಸವಾಯಿತು. ವಿಚಾರಣೆಯಲ್ಲಿ ಸಹ ಆಟಗಾರ ಮ್ಯಾಟ್ ಹಾರ್ವೆ ಸಾಕ್ಷಿ ನುಡಿದರು: ತಾನೂ ಸ್ಕ್ಯಾಗ್ಸ್‌ಗೆ ನೋವಿನ ಮಾತ್ರೆ ಕೊಟ್ಟದ್ದುಂಟು. ಸಾವಿಗೆ ಆ ಮಾತ್ರೆಗಳು ಕಾರಣವೆಂದು ಸಾಬೀತಾಗಲಿಲ್ಲ. ಆದರೂ ಬೇಸ್‌ಬಾಲ್ ಮಂಡಳಿ ಅವರನ್ನು 60 ಪಂದ್ಯ ಹೊರಗಿಟ್ಟಿತು. ಸ್ಕ್ಯಾಗ್ಸ್‌ನ ಕೋಣೆಯಲ್ಲಿ ಸಿಕ್ಕಿದ ಒಂದು ನೀಲಿ ಮಾತ್ರೆಯ ಮೇಲಿನ ಗುರುತು ಆಕ್ಸಿಕೋಡೋನಿನದು, ಒಳಗಿದ್ದದ್ದು ಫೆಂಟಾನಿಲ್. ನಮ್ಮ ಡಬ್ಬಿಯ ಮಾತ್ರೆಗಳು ಆ ಜಾತಿಯವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಂದು ವಿಷಯ ಮಾತ್ರ ಒಂದೇ: ಕೈಯಿಂದ ಕೈಗೆ ಬಂದ ಮಾತ್ರೆಯೊಳಗೆ ಏನಿದೆ ಎಂಬುದಕ್ಕೆ ಕೊಟ್ಟವನ ಸ್ನೇಹ ಸಾಕ್ಷಿಯಲ್ಲ.

"ನಮ್ಮ ಟೂರ್ನಿಗೆ ನಾಡಾದವರು, ಆ ಉದ್ದೀಪನ ತಡೆ ಸಂಸ್ಥೆಯವರು, ಬರ್ತಾರಾ?" ಎಂದು ಒಬ್ಬರು ಕೇಳಿದರು. ಬರುವುದಿಲ್ಲ. ಆದರೆ ನಮ್ಮ ಹುಡುಗರಲ್ಲಿ ನಾಲ್ವರು ಕೆಎಸ್‌ಸಿಎ ಲೀಗ್ ಆಡುತ್ತಾರೆ, ನಮ್ಮಲ್ಲಿ ಕಲಿತ ಚಾಳಿ ಅವರ ಜೊತೆ ಹೋಗುತ್ತದೆ. ಅಂಗಡಿಯಿಂದ ತಂದ ಕೆಮ್ಮಿನ ಸಿರಪ್ ಕುಡಿದು ಪೃಥ್ವಿ ಶಾ 2019ರಲ್ಲಿ ಎಂಟು ತಿಂಗಳ ನಿಷೇಧಕ್ಕೆ ಒಳಗಾದರು. ಭಾರತದಲ್ಲಿ ಟ್ರಮಡಾಲ್ 2018ರಿಂದಲೇ ಎನ್‌ಡಿಪಿಎಸ್ ಕಾಯ್ದೆಯಡಿ ಇದೆ, 2024ರ ಜನವರಿ 1ರಿಂದ ಸ್ಪರ್ಧೆಯ ವೇಳೆ ನಿಷಿದ್ಧವೂ ಹೌದು. ನಿಷಿದ್ಧ ಔಷಧವನ್ನು ಜೊತೆಗಾರನಿಗೆ ದಾಟಿಸುವುದು ಉದ್ದೀಪನ ತಡೆ ನಿಯಮಗಳಲ್ಲಿ ಬೇರೆಯೇ ಅಪರಾಧ, ನುಂಗುವುದಕ್ಕಿಂತ ದೊಡ್ಡದು.

ಇನ್ನು ಕೋಚ್ ಹಿರಿಯರ ಆಕ್ಷೇಪ. ಇದೇ ನನ್ನನ್ನು ನಿಜವಾಗಿ ಕಾಡಿದ್ದು. ಅವರು ಹೇಳಿದ್ದು ಇಷ್ಟು: "ನೀವು ನೌಕರಿಯಲ್ಲಿದ್ದು ಭಾನುವಾರ ಆಡಿದವರು. ಈ ಹುಡುಗರಿಗೆ ಕರೆ ಬರೋದು ಒಂದೇ ಸಲ. ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತೆ, ಬೆಳಿಗ್ಗೆ ಏಳಕ್ಕೆ ಆಲೂರಿನ ಮೈದಾನದಲ್ಲಿ ಇರ್ಬೇಕು. ಆಗ ಸೊಂಟ ನೋಯ್ತಿದೆ ಅಂದ್ರೆ, ಇನ್ನೊಬ್ಬನ ಹೆಸರು ಬರ್ಕೊಳ್ತಾರೆ. ಆ ಹುಡುಗನ ಅಪ್ಪ ಆಟೋ ಓಡಿಸ್ತಾರೆ. ಅವನಿಗೆ ನಾನು ಏನು ಹೇಳಲಿ?"

ಹಿರಿಯರೇ, ನಿಮ್ಮ ಮಾತಿನಲ್ಲಿ ಸುಳ್ಳಿಲ್ಲ. ನೋವು ಹೇಳಿದರೆ ಹೆಸರು ಹೋಗುತ್ತದೆ ಎಂದು ಹುಡುಗ ನಂಬಿರುವವರೆಗೆ ಅವನು ಮುಚ್ಚಿಡುತ್ತಾನೆ, ಮಾತ್ರೆ ಕೇಳುತ್ತಾನೆ. ಆ ನಂಬಿಕೆಯನ್ನು ಹುಟ್ಟಿಸಿದ ಆಯ್ಕೆದಾರರು, ಕ್ಲಬ್‌ನವರು, ನಾವು ನೀವು ಎಲ್ಲರೂ ಜವಾಬ್ದಾರರು. ದೊಡ್ಡ ಮಟ್ಟದಲ್ಲೂ ಇದೇ ಕಥೆ. 2010ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಶೇ 39ರಷ್ಟು ಆಟಗಾರರು ಪ್ರತಿ ಪಂದ್ಯಕ್ಕೂ ಮೊದಲು ನೋವಿನ ಮಾತ್ರೆ ನುಂಗಿದ್ದರೆಂದು ಫಿಫಾದ ವೈದ್ಯರೇ ಲೆಕ್ಕ ಕೊಟ್ಟರು. ಅಲ್ಲಿ ವೈದ್ಯರ ಪಡೆಯೇ ಇತ್ತು, ಆದರೂ ಹೀಗೆ.

ಆದರೆ ಹದಿನೇಳರ ವೇಗದ ಬೌಲರ್ ಸೊಂಟ ನೋಯುತ್ತಿದೆ ಎಂದಾಗ ಆ ನೋವು ಏನು ಹೇಳುತ್ತಿದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಮುಂಗಾಲು ನೆಲಕ್ಕೆ ಬಡಿದಾಗ ದೇಹದ ತೂಕದ ಹಲವು ಪಟ್ಟು ಭಾರ ಕಾಲಿನಿಂದ ಬೆನ್ನಿಗೆ ಏರುತ್ತದೆ. ಅದೇ ಕ್ಷಣ ಬೆನ್ನು ಹಿಂದಕ್ಕೆ ಬಾಗಿ ಪಕ್ಕಕ್ಕೆ ತಿರುಗಿರುತ್ತದೆ. ಸೊಂಟದ ಕಶೇರುವಿನ ಹಿಂಭಾಗದ ಸಣ್ಣ ಎಲುಬು ಆ ವಯಸ್ಸಿಗೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮೊದಲು ಅಲ್ಲಿ ಕೂದಲೆಳೆಯ ಬಿರುಕು. ಆಗಲೇ ಬೌಲಿಂಗ್ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ಮಾತ್ರೆ ಬಿರುಕನ್ನು ಕೂಡಿಸುವುದಿಲ್ಲ, ಬಿರುಕು ಬಿಟ್ಟಿದೆ ಎಂದು ಹೇಳುವ ಬಾಯನ್ನು ಮುಚ್ಚಿಸುತ್ತದೆ. ಹುಡುಗ ಆಲೂರಿನಲ್ಲಿ ಹತ್ತು ಓವರ್ ಹಾಕುತ್ತಾನೆ, ಆಯ್ಕೆಯೂ ಆಗಬಹುದು. ಆಮೇಲೆ ಬರುವ ಶಿಬಿರದ ಮೂರನೆಯ ದಿನ ಅವನು ಬಗ್ಗಿ ಶೂ ದಾರ ಕಟ್ಟಲಾರ. ಆಗ ಆಟೋ ಓಡಿಸುವ ಅಪ್ಪನಿಗೆ ಹೇಳಬೇಕಾದ ಮಾತು ಇನ್ನೂ ಕಷ್ಟದ್ದು.

ಕರೆ ಒಂದೇ ಸಲ ಬರುತ್ತದೆ ಎಂಬುದನ್ನೂ ಪೂರ್ತಿ ಒಪ್ಪಲಾರೆ. ಜಾವಗಲ್ ಶ್ರೀನಾಥ್ ಭುಜದ ಶಸ್ತ್ರಚಿಕಿತ್ಸೆಗಾಗಿ 1997ರ ವೆಸ್ಟ್ ಇಂಡೀಸ್ ಪ್ರವಾಸ ಬಿಟ್ಟರು. ಭುಜ ಹೋದ ವೇಗದ ಬೌಲರ್ ಮುಗಿದ ಎಂದು ಆಗ ಎಷ್ಟು ಜನ ಅಂದರು, ನಿಮಗೂ ನೆನಪಿರಬಹುದು. 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಎದುರು ಅದೇ ಭುಜದಿಂದ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದರು. ನಮ್ಮ ವೇಗಿ ಪ್ರಸಿದ್ಧ ಕೃಷ್ಣ ಸೊಂಟದ ಮೂಳೆಯ ಬಿರುಕಿಗೆ 2023ರ ಫೆಬ್ರುವರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಆ ಐಪಿಎಲ್ ಪೂರ್ತಿ ಹೋಯಿತು. ಆಗಸ್ಟ್‌ನಲ್ಲಿ ಭಾರತಕ್ಕೆ ಮತ್ತೆ ಆಡಿದರು, ಡಿಸೆಂಬರ್‌ನಲ್ಲಿ ಸೆಂಚೂರಿಯನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. 2025ರ ಐಪಿಎಲ್‌ನಲ್ಲಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ತೊಟ್ಟರು. ಅವರಿಗೆ ಮಂಡಳಿಯ ಆಸರೆ ಇತ್ತು, ನಿಮ್ಮ ಹುಡುಗನಿಗೆ ಇಲ್ಲ, ಸರಿ. ಆದರೆ ಆಸರೆ ಇಲ್ಲದವನಿಗೇ ಮುರಿದ ಬೆನ್ನು ಹೆಚ್ಚು ದುಬಾರಿ.

ನೀವು ಆಯ್ಕೆದಾರರಿಗೆ ಪರಿಚಯದವರು. ಹುಡುಗ ಫೋನ್ ಮಾಡಿ "ನೋವಿದೆ" ಅನ್ನಲಾರ, ನೀವು ಅನ್ನಬಹುದು. "ಎರಡು ವಾರ ಬಿಟ್ಟು ನೋಡಿ, ಈ ಹುಡುಗನ ಪರವಾಗಿ ನಾನು ಮಾತು ಕೊಡ್ತೀನಿ" ಎಂದು ನಿಮ್ಮಂಥವರು ಹೇಳಿದರೆ ಅದಕ್ಕೆ ಬೆಲೆ ಇದೆ. ಅಂಥ ಒಂದು ಫೋನ್ ಕರೆಯ ಬದಲಿಗೆ ಕತ್ತರಿಸಿದ ಸ್ಟ್ರಿಪ್ಪಿನ ತುಂಡು ಕೊಟ್ಟು ಕಳಿಸಿದರೆ, ಹಿರಿಯರೇ, ಅದು ಸಹಾಯವಾಗಿ ನನಗೆ ಕಾಣುವುದಿಲ್ಲ.

ಈ ಮಾತಿನ ನಡುವೆಯೇ ಯಾರೋ ಅನಿಲ್ ಕುಂಬ್ಳೆ ಹೆಸರು ತಂದರು. 2002ರ ಮೇ ತಿಂಗಳು, ಆಂಟಿಗಾ, ಮುರಿದ ದವಡೆ, ಮುಖಕ್ಕೆಲ್ಲ ಬ್ಯಾಂಡೇಜ್, 14 ಓವರ್, ಬ್ರಯಾನ್ ಲಾರಾ ಎಲ್‌ಬಿಡಬ್ಲ್ಯು. ಆ ಚಿತ್ರವನ್ನು ನಾನೂ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡವನು. ಆದರೆ ಆ ಬ್ಯಾಂಡೇಜನ್ನು ಇನ್ನೊಮ್ಮೆ ನೋಡಿ. ಅದು ಇಡೀ ಜಗತ್ತಿಗೆ ಕಾಣುತ್ತಿತ್ತು. ನಾಯಕನಿಗೆ ಗೊತ್ತಿತ್ತು, ಫಿಸಿಯೋಗೆ ಗೊತ್ತಿತ್ತು, ಎದುರಾಳಿಗೂ ಗೊತ್ತಿತ್ತು. ಎಲುಬು ಮುರಿದದ್ದು ದವಡೆಯಲ್ಲಿ, ಬೌಲಿಂಗ್ ಮಾಡುವ ಕೈಯಲ್ಲಿ ಅಲ್ಲ. ನಿರ್ಧರಿಸಿದವರು 31 ವರ್ಷದ, ಹನ್ನೆರಡು ವರ್ಷ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದ ಮನುಷ್ಯ. ಆಮೇಲೆ ನೇರ ಬೆಂಗಳೂರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನೋವನ್ನು ಎಲ್ಲರೆದುರು ಹೊತ್ತು ಆಡುವುದು ಒಂದು. ಯಾರಿಗೂ ಗೊತ್ತಾಗದಂತೆ ನುಂಗಿ, ತನಗೇ ಗೊತ್ತಾಗದಂತೆ ಮಾಡಿಕೊಂಡು ಆಡುವುದು ಬೇರೆ. ಹದಿನೇಳರ ಹುಡುಗನ ಮುಂದೆ ಆ ಚಿತ್ರ ಹಿಡಿಯುವಾಗ ಇಷ್ಟನ್ನೂ ಹೇಳಿ ಹಿಡಿಯೋಣ.

ಕೊನೆಯದು ಎಲ್ಲರೂ ಸೇರಿ ಕೇಳಿದ್ದು: ಮೈದಾನದಲ್ಲಿ ಡಾಕ್ಟರ್ ಇಲ್ಲ, ಫಿಸಿಯೋ ಇಲ್ಲ, ಮಾತ್ರೆಯೂ ಬೇಡ ಅಂದರೆ ನೋವಾದವನು ಏನು ಮಾಡಬೇಕು?

ಮೊದಲು ಆಟ ನಿಲ್ಲಿಸಬೇಕು. ಬದಲಿ ಆಟಗಾರನಿಗೆ ಬೌಲಿಂಗ್ ಮಾಡಲೂ ಅವಕಾಶ ಕೊಡುವ ನಿಯಮವನ್ನು ನಮ್ಮ ಟೂರ್ನಿಗೆ ನಾವೇ ಬರೆದುಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಆಗ ನೋವು ಹೇಳಿದವನಿಂದ ತಂಡ ಸೋಲುತ್ತದೆ ಎಂಬ ಭಯ ಅರ್ಧ ಹೋಗುತ್ತದೆ. ಐಸ್ ಪೆಟ್ಟಿಗೆಯನ್ನು ತಂಪು ಪಾನೀಯಕ್ಕೆ ತರುತ್ತೇವೆ, ಭುಜಕ್ಕೂ ತರೋಣ. ನೋವು ಮರುದಿನವೂ ಇದ್ದರೆ ವೈದ್ಯರು. ಖಾಸಗಿಗೆ ಹಣವಿಲ್ಲದವರಿಗೆ ಜಯನಗರದ ಬದಿಯಲ್ಲಿ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಮೂಳೆಗೆಂದೇ ಇರುವುದು. ಜೊತೆಗೆ ಹೋಗಲು ಒಬ್ಬ ದೊಡ್ಡವರು ಬೇಕು, ಅಷ್ಟೇ. ನಾನು ಹೋಗುತ್ತೇನೆ.

ಇನ್ನೊಂದು, ಓವರ್‌ಗಳ ಲೆಕ್ಕ. ನಮ್ಮ ಹುಡುಗರು ಶನಿವಾರ ಕಾಲೇಜಿಗೆ, ಭಾನುವಾರ ಬೆಳಿಗ್ಗೆ ಕ್ಲಬ್ಬಿಗೆ, ಮಧ್ಯಾಹ್ನ ನಮಗೆ ಬೌಲಿಂಗ್ ಮಾಡುತ್ತಾರೆ. ಮೂರು ಸ್ಕೋರ್ ಬುಕ್ಕುಗಳಲ್ಲಿ ಮೂರು ಲೆಕ್ಕ, ಹುಡುಗನ ಬೆನ್ನಿನಲ್ಲಿ ಮಾತ್ರ ಒಟ್ಟು ಮೊತ್ತ. ಅಮೆರಿಕದ ಬೇಸ್‌ಬಾಲ್‌ನವರು 2014ರಲ್ಲಿ ಮಕ್ಕಳ ಪಿಚಿಂಗ್‌ಗೆ ಮಾರ್ಗಸೂಚಿ ತಂದರು. 15–16ರ ಹುಡುಗ ದಿನಕ್ಕೆ 95 ಎಸೆತ ದಾಟಬಾರದು, ಎಸೆತ ಹೆಚ್ಚಾದಷ್ಟೂ ಹೆಚ್ಚು ದಿನ ವಿಶ್ರಾಂತಿ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯೂ ವೇಗದ ಬೌಲರ್‌ಗಳಿಗೆ ವಯಸ್ಸಿಗೆ ತಕ್ಕ ಮಿತಿ ಇಟ್ಟುಕೊಂಡು ಬಂದಿದೆ, 13ರೊಳಗಿನವರಿಗೆ ಒಂದು ಸ್ಪೆಲ್‌ನಲ್ಲಿ 5 ಓವರ್, ದಿನಕ್ಕೆ 10. ನಾವೂ ಟಾಸ್‌ಗೆ ಮೊದಲು ಪ್ರತಿ ಹುಡುಗನನ್ನು ‘ನಿನ್ನೆ ಎಷ್ಟು ಓವರ್ ಹಾಕಿದೆ’ ಎಂದು ಕೇಳಿ ಸ್ಕೋರ್ ಬುಕ್ಕಿನ ಅಂಚಿನಲ್ಲಿ ಬರೆಯಬಹುದು. ಪೆನ್ನು ಸಾಕು.

ಜಾಮಿಟ್ರಿ ಬಾಕ್ಸನ್ನು ಕಳೆದ ಭಾನುವಾರ ನಾನೇ ಖಾಲಿ ಮಾಡಿದೆ. ಮಾತ್ರೆ ತುಂಡುಗಳೆಲ್ಲ ಹೋದವು, ಬ್ಯಾಂಡೇಜ್ ಉಳಿಯಿತು. ಈಗ ಅದರಲ್ಲಿ ಚೀಟಿಗಳಿವೆ. ಪ್ರತಿ ಆಟಗಾರನ ಹೆಸರು, ಮನೆಯವರ ಫೋನ್ ನಂಬರ್, ಆಸ್ತಮಾ ಅಥವಾ ಅಲರ್ಜಿ ಇದೆಯೇ, ಈಗ ಯಾವುದಾದರೂ ಔಷಧ ನಡೆಯುತ್ತಿದೆಯೇ ಎಂಬ ನಾಲ್ಕು ಸಾಲು. ಹದಿನಾಲ್ಕರಲ್ಲಿ ಹನ್ನೊಂದು ಬಂದಿವೆ, ನಾಯಕರದ್ದೂ ಸೇರಿ ಮೂರು ಬಾಕಿ. ಬರುವ ಭಾನುವಾರ ಬೆಳಿಗ್ಗೆ ಏಳೂವರೆಗೆ ಮೈದಾನದಲ್ಲಿರುತ್ತೇನೆ, ತಂದುಕೊಡಿ.